ಗೋಮಾಳದಲ್ಲಿ ಹಾಕಿದ ಪಂಕ್ತಿ

ಖಾನಾವಳಿ ಅವ್ವನ ಬಲ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಜೋಳದ ರೊಟ್ಟಿ ಬಡಿದು ಬಡಿದು ಎಲ್ಲ ಸವೆದಿದ್ದವು. ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಊಟಕ್ಕೆ ಬಂದಾಗ, "ಅಲ್ಲೇನೈತಿ ಓದಾಕ? ಎಲ್ಲಾ ರೊಟ್ಟಿಗೆ ಹತ್ತಿ ಮಂದಿ ಹೊಟ್ಯಾಗ ಹೋಗೈತಿ" ಎಂದು ನಕ್ಕು, ಅವನಿಗೆ ಇನ್ನೊಂದು ರೊಟ್ಟಿ ಹಾಕಿದ್ದಳು.

ನಾನು ಆಗ ಕೂಡ್ಲಿಗಿಯಲ್ಲಿ ಪೊಲೀಸ್ ಪೇದೆ. ಮದುವೆಯಾಗಿರಲಿಲ್ಲ, ಎರಡು ಹೊತ್ತೂ ಬಸ್ ಸ್ಟ್ಯಾಂಡ್ ಹಿಂದಿನ ಅವಳ ಖಾನಾವಳಿಯೇ ಗತಿ. ಬಂದೋಬಸ್ತ್ ಮುಗಿಸಿ ಹೊತ್ತು ಮೀರಿ ಹೋದರೆ ಬೈಯುತ್ತಲೇ ಬಡಿಸುವಳು: "ಸರಕಾರ ನಿನಗ ಟೊಪಗಿ ಕೊಟ್ಟೈತಿ, ಹೊಟ್ಟಿ ಕೊಟ್ಟಿಲ್ಲೇನು?" ಉಣ್ಣುವವರನ್ನು ಯಾರಾದರೂ ಎಬ್ಬಿಸಲು ಬಂದರೆ ಮಾತ್ರ ಅವಳು ಅವಳಾಗಿರುತ್ತಿರಲಿಲ್ಲ. ಒಮ್ಮೆ ನಮ್ಮ ಸಾಹೇಬರೇ ಹೊರಗೆ ಜೀಪು ನಿಲ್ಲಿಸಿ ನನ್ನನ್ನು ಕೂಗಿದಾಗ ಸೌಟು ಹಿಡಿದೇ ಬಾಗಿಲಿಗೆ ಹೋಗಿ, "ಉಂಡೇಳ್ತಾನ, ನಿಂದರ್ರಿ" ಎಂದಿದ್ದಳು.

ಅದು ಅದಿರಿನ ಲಾರಿಗಳು ಹೆದ್ದಾರಿಯನ್ನೆಲ್ಲ ಕೆಂಪು ಮಾಡಿದ್ದ ಕಾಲ. ಅವ್ವನ ತವರೂರಿನ ಗೋಮಾಳದಲ್ಲಿ ಅದಿರು ರಾಶಿ ಹಾಕಲು ಒಂದು ದೊಡ್ಡ ಕಂಪನಿ ಹೊರಟಿತು. ಹೊಲವಿಲ್ಲದವರ ಕುರಿ ಎಮ್ಮೆಗಳಿಗೆ ಇದ್ದ ಹುಲ್ಲು ಅದೊಂದೇ. ಅವಳ ಅಣ್ಣನ ಕುರಿಗಳೂ ಅಲ್ಲೇ ಮೇಯುತ್ತಿದ್ದವು. ಬೇಲಿ ಹಾಕುವ ದಿನ ಊರಿಗೆ ಊರೇ ಜೆಸಿಬಿ ಮುಂದೆ ಕುಳಿತಿತು. ಕೋರ್ಟಿನ ತಡೆಯಾಜ್ಞೆ ಸಿಕ್ಕಿದೆ, ವಕೀಲರು ಹೊಸಪೇಟೆಯಿಂದ ಕಾಗದ ತರುತ್ತಿದ್ದಾರೆ ಎಂದು ಊರವರು. ಕಾಗದ ಬರುವುದರೊಳಗೆ ಬೇಲಿ ನಿಂತಿರಬೇಕೆಂದು ಕಂಪನಿಯವರು. ನಮ್ಮ ಕೈಗೆ ಲಾಠಿ ಬಂತು. "ಹತ್ತು ನಿಮಿಷ ನೋಡ್ರಿ, ಆಮ್ಯಾಲ ಎಬ್ಬಸ್ರಿ" ಎಂದರು ಸಾಹೇಬರು. ನೋಡಿದರೆ ನನ್ನೆದುರಿನ ಸಾಲಿನಲ್ಲೇ ಅವ್ವ! ಸುಳ್ಳೇಕೆ ಹೇಳಲಿ, ಲಾಠಿಯನ್ನು ಬೆನ್ನ ಹಿಂದೆ ಮರೆಮಾಡಿದೆ.

ಅವಳು ನನ್ನತ್ತ ನೋಡಲೇ ಇಲ್ಲ. ಎದ್ದು ಹೋಗಿ ತಾನು ಬಂದಿದ್ದ ಆಟೊದಿಂದ ಬುಟ್ಟಿಗಳನ್ನು ಇಳಿಸಿ, "ಹಾಕ್ರಿ ಎಲಿ" ಎಂದಳು. ಮುತ್ತಲ ಎಲೆ ಬಿದ್ದವು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಬಂದವು.

ಹತ್ತು ನಿಮಿಷ ಮುಗಿಯಿತು. ನಮ್ಮಲ್ಲಿ ಒಬ್ಬನೂ ಕದಲಲಿಲ್ಲ. ಪಂಕ್ತಿಯಿಂದ ಎಬ್ಬಿಸಿದವನ ಮನೆ ಉದ್ಧಾರವಾದದ್ದುಂಟೆ? ಕೊನೆಗೆ ನಮ್ಮ ಮುದಿ ದಫೇದಾರ ಮೆಲ್ಲಗೆ, "ಉಣ್ಣೋರನ್ನ ಹೆಂಗ ಎಬ್ಬಸೋದ್ರೀ ಸಾರ್?" ಎಂದ. ಸಾಹೇಬರೂ ಈ ಕಡೆಯವರೇ. ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು, "ಉಂಡೇಳ್ಲಿ" ಎಂದರು.

ಅಬ್ಬಾ, ಅಂಥ ಊಟ ನಾನು ಮತ್ತೆಲ್ಲೂ ಕಂಡಿಲ್ಲ! ಅರ್ಧರ್ಧ ರೊಟ್ಟಿ ಬಡಿಸುತ್ತ ಕೊನೆ ಮುಟ್ಟುತ್ತಾಳೆ, ಮತ್ತೆ ಮೊದಲಿಂದ ಬರುತ್ತಾಳೆ. "ಅವಸರ ಮಾಡಬ್ಯಾಡ್ರಿ, ಅಗದು ಉಣ್ರಿ." ಕಂಪನಿ ಮ್ಯಾನೇಜರು ಗಡಿಯಾರ ನೋಡಿ ನೋಡಿ ಸುಸ್ತಾದ. ಬುಟ್ಟಿ ಬರಿದಾಗಿ, ಇನ್ನು ಮಜ್ಜಿಗೆಯೊಂದೇ ಬಾಕಿ ಎನ್ನುವಾಗ ವಕೀಲರ ಮೋಟಾರ್ ಸೈಕಲ್ ಬಂತು. ಕಾಗದ ಓದಿದ ಸಾಹೇಬರು "ಲಾಠಿ ಗಾಡ್ಯಾಗ ಹಾಕ್ರೋ" ಎಂದಾಗ ಹೋದ ಜೀವ ಬಂದಂತಾಯಿತು. ಗೋಮಾಳ ಮುಂದೆಯೂ ಊರಿಗೇ ಉಳಿಯಿತು.

ಅವ್ವ ತೀರಿಕೊಂಡು ಬಹಳ ವರ್ಷಗಳಾದವು. ಆಮೇಲೆ ನಾನು ಎಷ್ಟೋ ಕಡೆ ಲಾಠಿ ಬೀಸಿದ್ದೇನೆ, ಎಲ್ಲವೂ ಹೆಮ್ಮೆಯ ಮಾತಲ್ಲ. ಆದರೆ ಹೆತ್ತವ್ವನಂಥವಳ ಮೇಲೆ ಕೈಯೆತ್ತುವ ಪಾಪವೊಂದು ನನಗೆ ತಟ್ಟಲಿಲ್ಲ. ಆ ಪುಣ್ಯ ಅವಳದೇ. ಆ ಪಂಕ್ತಿಯ ಮರುದಿನ ಖಾನಾವಳಿಯ ಬಾಗಿಲಲ್ಲಿ ಮುಖ ತಗ್ಗಿಸಿ ನಿಂತು ಕೇಳಿದ್ದೆ: "ನಾ ಹೊಡದಿದ್ರ ಏನ್ ಮಾಡ್ತಿದ್ದಿ ಅವ್ವಾ?"

"ಹೊಡಿಸ್ಕೊಂತಿದ್ದೆ. ಆದ್ರ ನೀ ಇವತ್ತು ನಾಚಿ ಇಲ್ಲಿಗೆ ಬರ್ತಿದ್ದಿಲ್ಲ. ಎಲ್ಲಿ ಉಣ್ತಿದ್ದಿ ಅಂತ ನನಗ ಅದಾ ಚಿಂತಿ ಹತ್ತಿತ್ತು ನೋಡು."