ಆಟೋ ಬೆನ್ನೇರಿದ ಮಿಂಚುಳ್ಳಿ

ರಾಯಾಪುರದ ರಸ್ತೆಬದಿಯಲ್ಲಿ ಇನ್ನೂ ನಸುಗತ್ತಲು. ಸತ್ಯವ್ವ ಆಗಲೇ ಆಟೋದ ಹಿಂದೆ ಕುಕ್ಕರುಗಾಲಲ್ಲಿ ಕೂತು ಚಿತ್ರ ಬರೆಯುತ್ತಿದ್ದಾರೆ. ಮೊದಲ ರೈಲಿನ ಹೊತ್ತಿಗೆ ಗಾಡಿ ಹುಬ್ಬಳ್ಳಿ ನಿಲ್ದಾಣದಲ್ಲಿರಬೇಕು. ಚಾಲಕ ಅಬ್ದುಲಮಜೀದ ಅವಸರ ಮಾಡಿದರೆ ಅವರು ತಲೆ ಎತ್ತುವುದಿಲ್ಲ: “ಹುಲಿಗೆ ಒಂದು ಕಣ್ಣು ಬಾಕಿ ಐತಿ. ಹಂಗ ಒಯ್ತೀಯೇನು?”

ಗಂಡ ತೀರಿಕೊಂಡ ಮೇಲೆ ಅವರ ಕುಂಚ ಹಿಡಿದವರು ಸತ್ಯವ್ವ. ಆಟೋದವರು ಇವರಿಂದ ಅಕ್ಷರವನ್ನಷ್ಟೇ ಬರೆಸಿ, ಚಿತ್ರಕ್ಕೆ ಬೇರೆ ಕಡೆ ಹೋಗುತ್ತಿದ್ದರು. ಅದನ್ನು ತಪ್ಪಿಸಿದ್ದು ಒಂದು ಮಿಂಚುಳ್ಳಿ.

ಹೋದ ವರ್ಷ, ಅಂದರೆ ೨೦೦೭ರಲ್ಲಿ, ಮಜೀದ ಸೈಬರ್ ಕೆಫೆಯಿಂದ ಆ ಹಕ್ಕಿಯ ಪ್ರಿಂಟ್ ತಂದ. ಹಕ್ಕಿಯ ಎದೆಯ ಮೇಲೆ ಮಸುಕಾದ ಇಂಗ್ಲಿಷ್ ಅಕ್ಷರ, ಅಂಕಿ. ಇಂಗ್ಲಿಷ್ ಓದಲು ಬಾರದ ಸತ್ಯವ್ವ ಹಕ್ಕಿಯ ಜೊತೆ ಅದನ್ನೂ ಇದ್ದ ಹಾಗೇ ಆಟೋ ಮೇಲೆ ಬರೆದರು. “ಹಕ್ಕಿ ಲಗೂ ಆತ್ರಿ. ಆ ಮಸುಕು ಅಕ್ಷರ ಬರಿಯೋದ್ರಾಗ ಕುತ್ತಿಗಿ ಹೋತು.”

ಕೇಳದೆ ಬಳಸಬಾರದು ಎಂಬುದು ಆ ಅಕ್ಷರಗಳ ಅರ್ಥ. ಅಂಕಿಗಳು ಫೋಟೋ ತೆಗೆದ ಮಾಳಮಡ್ಡಿಯ ಶಂಭುಲಿಂಗ ಅವರ ಫೋನ್ ನಂಬರು! ಬಸ್ ಸ್ಟ್ಯಾಂಡಿಗೆ ಬರ್ತೀರೇನು, ಎಷ್ಟು ತಗೊಳ್ತೀರಿ ಎಂದು ಊರೆಲ್ಲ ಅವರಿಗೆ ಫೋನು. ಸಿಟ್ಟಾಗಿ ರಾಯಾಪುರಕ್ಕೇ ಬಂದ ಅವರು, ಕೆರೆಯ ಜೊಂಡಿನಲ್ಲಿ ದಿನಗಟ್ಟಲೆ ಕಾದು ತೆಗೆದ ಫೋಟೋ ಅದು, ಅಳಿಸಿ ಎಂದರು. ಅಷ್ಟರಲ್ಲಿ ಹಕ್ಕಿ ಮೂರು ಆಟೋ ಏರಿತ್ತು. ಅಳಿಸಿದರೆ ಸತ್ಯವ್ವ ಮತ್ತೆ ಬರೀ ಅಕ್ಷರದವರು.

“ತಪ್ಪಾತ್ರಿ ಅಣ್ಣಾರ. ಇಂಟರ್‌ನೆಟ್‌ನ್ಯಾಗಿದ್ದದ್ದು ಎಲ್ಲಾರದೂ ಅಂತ ತಿಳದಿದ್ದೆ. ಅಳಸ್ತೇನಿ. ಅದಕ್ಕೂ ಮೊದಲ ಒಮ್ಮೆ ನೋಡ್ರಿ.”

ಶಂಭುಲಿಂಗ ಆಟೋದ ಹಿಂದೆ ಹೋಗಿ ನಿಂತರು. ಹಕ್ಕಿಯ ಒಂದೊಂದು ಗರಿಯನ್ನೂ ಬಗ್ಗಿ ನೋಡಿದರು. “ಹಕ್ಕಿ ಇರಲಿ, ಕೆಳಗ ನನ್ನ ಹೆಸರು ಹಾಕ್ರಿ. ನಂಬರ್ ಅಷ್ಟು ಅಳಸ್ರಿ ತಾಯಿ, ನಾ ನಿದ್ದಿ ಮಾಡಬೇಕು.”

ಈಗ ಯಾರು ಪ್ರಿಂಟ್ ತಂದರೂ ಸತ್ಯವ್ವನ ಮೊದಲ ಪ್ರಶ್ನೆ, ತೆಗೆದವರನ್ನು ಕೇಳಿದಿರಾ ಎಂದು. ದೇವರ ಚಿತ್ರಕ್ಕೆ ದೇವರನ್ನೇ ಕೇಳಬೇಕೇನು ಎಂದು ಮಜೀದ ಕೆಣಕುತ್ತಾನೆ. ಬರೆದವನನ್ನ ಕೇಳು ಸಾಕು ಎನ್ನುತ್ತಾರೆ ಇವರು.

ಹೋದ ತಿಂಗಳು ಶಂಭುಲಿಂಗ ಕ್ಯಾಮೆರಾ ಹಿಡಿದು ಮತ್ತೆ ಬಂದರಂತೆ. ನಿಮ್ಮ ಚಿತ್ರಗಳ ಫೋಟೋ ತೆಗೆದು ನನ್ನ ವೆಬ್‌ಸೈಟಿಗೆ ಹಾಕಲೇ ಎಂದು ಕೇಳಿದರಂತೆ. ಹೇಳುವಾಗ ಸತ್ಯವ್ವನ ಕುಂಚ ಗಾಳಿಯಲ್ಲೇ ನಿಲ್ಲುತ್ತದೆ.

“ಇಷ್ಟು ವರ್ಷದಾಗ ಮನ್ಯಾಗಾಗಲಿ, ಹೊರಗಾಗಲಿ, ನಿಮ್ಮದು ತಗೊಳ್ಳಲೇನು ಅಂತ ನನ್ನನ್ನ ಯಾರೂ ಕೇಳಿದ್ದಿಲ್ರಿ. ಹಾಕ್ರಿ ಅಂದೆ. ಕೆಳಗ ಸತ್ಯವ್ವ ಅಂತ ಬರೀರಿ ಅಂದೆ.”