ಕೊನೆಯ ಮಗ್ಗಕ್ಕೆ ಕಾಣುವ ಟಿವಿ

ಇದು ನಾನು ಕೆಲಸದಿಂದ ನಿವೃತ್ತಳಾಗುವ ಹಿಂದಿನ ವರ್ಷದ ಮಾತು. ಆಗ ಆಂಧ್ರದ ಆದೋನಿಯ ಒಂದು ಮಹಿಳಾ ತರಬೇತಿ ಕೇಂದ್ರದಲ್ಲಿ ಮಗ್ಗಂ ವರ್ಕ್ ಕಲಿಸುತ್ತಿದ್ದೆ. ಕಟ್ಟಿಗೆಯ ಚೌಕಟ್ಟಿಗೆ ಬ್ಲೌಸ್ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ತುದಿಯಲ್ಲಿ ಕೊಕ್ಕೆಯಿರುವ ಸೂಜಿಯಿಂದ ಜರಿ, ಮಣಿ ಕೂರಿಸುವ ಕಸೂತಿ ಅದು. ಆ ಚೌಕಟ್ಟಿಗೇ ಮಗ್ಗ ಎನ್ನುತ್ತೇವೆ. ನಮ್ಮ ಕಡೆ ಸೀರೆ ಎಂಥದ್ದೇ ಇರಲಿ, ಬ್ಲೌಸಿನ ತೋಳಿಗೆ ಮಗ್ಗಂ ಇಲ್ಲದಿದ್ದರೆ ಮದುವಣಗಿತ್ತಿಯ ಮುಖ ಸಪ್ಪಗಾಗುತ್ತದೆ. ಹೀಗಾಗಿ ಕಲಿತವಳಿಗೆ ಕೈತುಂಬ ಕೆಲಸ.

ಆದರೆ ಕಲಿಸುವುದು ಸುಲಭವಲ್ಲ. ಎಡಗೈ ಬಟ್ಟೆಯ ಕೆಳಗೆ ದಾರ ಹಿಡಿದಿರುತ್ತದೆ. ಬಲಗೈ ಮೇಲಿನಿಂದ ಸೂಜಿ ಚುಚ್ಚಿ, ದಾರವನ್ನು ಕೊಕ್ಕೆಗೆ ಸಿಕ್ಕಿಸಿ, ಸೂಜಿಯನ್ನು ಅರ್ಧ ಸುತ್ತು ತಿರುಗಿಸಿ ಮೇಲೆಳೆಯಬೇಕು. ಆ ಅರ್ಧ ಸುತ್ತು ತಪ್ಪಿದರೆ ಕೊಕ್ಕೆ ಬಟ್ಟೆಗೆ ಸಿಕ್ಕಿ ದಾರ ಹರಿಯುತ್ತದೆ. ಬಾಯಲ್ಲಿ ಹೇಳಿದರೆ ಅದು ಬರುವಂಥದ್ದಲ್ಲ, ನೋಡಿಯೇ ಕಲಿಯಬೇಕು. ನಾನು ಸೂಜಿ ಎತ್ತಿದರೆ ಸಾಕು, ಮುಂದಿನವರೆಲ್ಲ ನನ್ನ ಮಗ್ಗದ ಮೇಲೆ ಬಗ್ಗುತ್ತಿದ್ದರು. ಹಿಂದಿನವರಿಗೆ ಕಾಣುತ್ತಿದ್ದುದು ಅವರ ಜಡೆ ಮಾತ್ರ.

ಎಲ್ಲರಿಗಿಂತ ಹಿಂದೆ ಹುಲಿಗೆಮ್ಮನ ಮಗ್ಗ. ಚಿಪ್ಪಗಿರಿ ಕಡೆಯ ಹಳ್ಳಿಯವಳು, ಕುರಿ ಸಾಕುವ ಮನೆತನದ ಸೊಸೆ. ತಡವಾಗಿ ಸೇರಿದ್ದರಿಂದ ಗೋಡೆ ಪಕ್ಕದ ಜಾಗವೇ ಅವಳ ಪಾಲಿಗೆ ಉಳಿದಿತ್ತು. ಒಂದು ದಿನ ಮಧ್ಯಾಹ್ನ ಊಟದ ಡಬ್ಬಿಯನ್ನೂ ತೆರೆಯದೆ ಬಂದು ನನ್ನ ಮುಂದೆ ನಿಂತಳು.

“ಮೇಡಂ, ನಾಳಿಂದ ನಾ ಬರಂಗಿಲ್ಲ. ದಾರ ಹರಿಯೋದೊಂದ ಕಲ್ತೀನಿ. ಈ ತಿಂಗಳದಾಗ ಒಂದರ ಬ್ಲೌಸು ಮಾಡಿ ತೋರಿಸ್ಲಿಲ್ಲಂದ್ರ, ಸಾಕು, ಮೆಣಸಿನಕಾಯಿ ಬಿಡಿಸಾಕ ನಡಿ ಅಂತಾಳ ನಮ್ಮತ್ತಿ.”

ನಾನು ಗದರಿದೆ: “ತಿಂಗಳು ಮುಗಿಯೋತನ ಸುಮ್ನ ಕೂಡು. ಆಮ್ಯಾಲ ಬ್ಯಾಡಂದ್ರ ನಾನ ಆಟೋ ಹತ್ತಿಸ್ತೀನಿ.”

ಅವಳನ್ನು ಮುಂದಕ್ಕೆ ಕೂರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೂರಿಸಿದರೆ ಇನ್ನೊಬ್ಬಳು ಹಿಂದಕ್ಕೆ ಹೋಗುತ್ತಾಳೆ, ಆಕೆಗೂ ಮನೆಯಲ್ಲಿ ಅತ್ತೆ ಇದ್ದಾಳೆ. ಹಾಗಾಗಿ ನನ್ನ ಮಗ್ಗದ ಮೇಲೊಂದು ಫೋನ್ ನಿಲ್ಲಿಸಿ, ಅದರ ಚಿತ್ರವನ್ನು ಗೋಡೆಯ ಮೇಲೆ ದೊಡ್ಡ ಟಿವಿಯಲ್ಲಿ ತೋರಿಸೋಣ ಎಂದು ಕೇಂದ್ರದ ಅಧ್ಯಕ್ಷ ಶಂಕರಪ್ಪನವರ ಬೆನ್ನು ಬಿದ್ದೆ. ಅವರು ಒಪ್ಪಿದರು. ಅಷ್ಟೇ ಅಲ್ಲ, ಅಂಗಡಿಗೆ ಹೋಗಿ ಐವತ್ತು ಇಂಚಿನ 4K ಟಿವಿಯೊಂದನ್ನು ನೋಡಿ ಗೊತ್ತುಮಾಡಿಯೇ ಬಂದರು. ಅದೇ ಬೆಲೆಗೆ ಅಲ್ಲೊಂದು ಅರವತ್ತೈದು ಇಂಚಿನ ಫುಲ್ ಎಚ್‌ಡಿ ಟಿವಿಯೂ ಇತ್ತಂತೆ. “ಹಳೇ ಸ್ಟಾಕ್ ರೀ ಅದು, ಜನ ನಗ್ತಾರ,” ಎಂದರು.

ಇಲ್ಲಿ ಸ್ವಲ್ಪ ವಿವರಿಸಬೇಕು. ಟಿವಿಯ ಚಿತ್ರವೆಂದರೆ ಚುಕ್ಕಿಗಳ ರಾಶಿ. ಫುಲ್ ಎಚ್‌ಡಿಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. 4Kಯಲ್ಲಿ ಒಟ್ಟು ಅದರ ನಾಲ್ಕು ಪಟ್ಟು. ಚುಕ್ಕಿ ಹೆಚ್ಚಿದಷ್ಟೂ ಚಿತ್ರ ನುಣುಪು, ನಿಜ. ಆದರೆ ದೂರ ಹೋದಂತೆ ಕಣ್ಣು ಆ ಸಣ್ಣ ಚುಕ್ಕಿಗಳನ್ನು ಬೇರೆ ಮಾಡಿ ನೋಡಲಾರದು. ಮೇಲಾಗಿ, ನಮ್ಮ ಫೋನು ಕೇಬಲ್ ಮೂಲಕ ಕಳಿಸುತ್ತಿದ್ದುದೇ ಫುಲ್ ಎಚ್‌ಡಿ. ಬಾವಿಯಲ್ಲಿ ಇದ್ದರೆ ತಾನೇ ಕೊಡಕ್ಕೆ ಬರುವುದು? ದೂರ ಕೂತವರಿಗೆ ಸೂಜಿ ಕಾಣಬೇಕಾದರೆ ಪರದೆಯೇ ದೊಡ್ಡದಿರಬೇಕು. ಫೋನಿನಲ್ಲಿ ಇನ್ನೂ ಜೂಮ್ ಮಾಡೋಣವೆಂದರೆ ಕೈ ಚೌಕಟ್ಟಿನಿಂದ ಆಚೆ ಹೋಗುತ್ತದೆ, ಸೂಜಿ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ.

ಇದನ್ನೆಲ್ಲ ಶಂಕರಪ್ಪನವರಿಗೆ ಹೇಳಿ ನೋಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಆಗ ಹಠ ಹಿಡಿದೆ: “ಸರ್, ಹುಲಿಗೆಮ್ಮ ನೋಡಿ ಹೇಳಲಿ. ಆಕಿ ಹೂಂ ಅಂದಿದ್ದ ತರೋಣ.”

ಮರುದಿನ ಅವರನ್ನೂ ಹುಲಿಗೆಮ್ಮನನ್ನೂ ಕರೆದುಕೊಂಡು, ಎರಡು ಸಣ್ಣ ಮಗ್ಗ, ಸೂಜಿ, ದಾರ ಹಿಡಿದು ಅಂಗಡಿಗೆ ಹೋದೆ. ಮಾಲೀಕ ಬಾಷಾ ಭಾಯ್ 4K ಟಿವಿಯಲ್ಲಿ ಬಣ್ಣಬಣ್ಣದ ಮೀನು ಈಜಾಡಿಸಿದರು.

“ಚೂಡಂಡಿ, ನೋಡ್ರಿ ಮೇಡಂ, ಮೀನಿನ ಮೈಮ್ಯಾಲಿನ ಹುರುಪಿ ಸೈತ ಎಣಿಸಬಹುದು!”

“ಮೀನು ಸಾಕಾಕ ಬಂದಿಲ್ಲ ಭಾಯ್, ಹೊಲಿಯಾಕ ಬಂದೀವಿ,” ಎಂದು ಅವರದೇ ಮೇಜಿನ ಮೇಲೆ ಮಗ್ಗ ಇಟ್ಟು, ಫೋನಿಗೆ ಕೇಬಲ್ ಸಿಕ್ಕಿಸಿದೆ. ನಮ್ಮ ಕೇಂದ್ರದ ಹಾಲ್‌ನಲ್ಲಿ ಗೋಡೆಯಿಂದ ಕೊನೆಯ ಮಗ್ಗಕ್ಕೆ ಹದಿನೆಂಟು ಅಡಿ. ಟೇಪು ಹಿಡಿದು ಅಳೆದರೆ ಅಂಗಡಿಯ ಹೊಸ್ತಿಲ ತನಕ ಬಂತು. ಅಲ್ಲೊಂದು ಸ್ಟೂಲು ಹಾಕಿ, ಎರಡನೆಯ ಮಗ್ಗ ಕೊಟ್ಟು ಹುಲಿಗೆಮ್ಮನನ್ನು ಕೂರಿಸಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಅವಳು ನಾಚಿ ಸೆರಗು ಎಳೆದುಕೊಂಡಳು.

ಮೊದಲು ಐವತ್ತು ಇಂಚು. ನಾನು ನಿಧಾನವಾಗಿ ನಾಲ್ಕು ಹೊಲಿಗೆ ಹಾಕಿದೆ. “ಚಂದ ಐತ್ರಿ,” ಎಂದಳು. “ಸೂಜಿ ತಿರುಗಿದ್ದು ಕಾಣ್ತಾ?” ಎಂದೆ. ಕಣ್ಣು ಕಿರಿದು ಮಾಡಿ ನೋಡಿದಳು. “ಕಾಣವಲ್ದು ಮೇಡಂ.”

ಆಮೇಲೆ ಅರವತ್ತೈದು ಇಂಚು. ಟಿವಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಿದ್ದ ಶಂಕರಪ್ಪನವರು, “ಛೆ, ಬರೇ ಚುಕ್ಕಿ ಚುಕ್ಕಿ,” ಎಂದರು. “ಹತ್ರ ಕೂಡೋರಿಗೆ ನನ್ನ ಕೈನ ಕಾಣ್ತೈತಿ ಸರ್, ಅವರಿಗ್ಯಾಕ ಟಿವಿ? ನೀವು ಹುಲಿಗೆಮ್ಮನ ಹತ್ರ ಹೋಗಿ ನಿಂದರ್ರಿ,” ಎಂದೆ. ಅವರು ಗೊಣಗುತ್ತ ಹೋದರು. ನಾನು ಅದೇ ಹೊಲಿಗೆಯನ್ನು ಮತ್ತೆ ಹಾಕಿದೆ.

ಹುಲಿಗೆಮ್ಮ ತನ್ನ ಸೂಜಿ ಎತ್ತಿ ಚುಚ್ಚಿದಳು, ತಿರುಗಿಸಿದಳು, ಎಳೆದಳು. ದಾರ ಹರಿಯದೆ ಮೇಲೆ ಬಂತು. ಇನ್ನೊಂದು ಹಾಕಿದಳು, ಮತ್ತೊಂದು ಹಾಕಿದಳು. “ಅಯ್ಯ, ಇಷ್ಟ ಏನ್ರಿ ಇದು!” ಎಂದು ನಕ್ಕುಬಿಟ್ಟಳು. ನನಗಂತೂ ಅಂಗಡಿಯಲ್ಲೇ ಅವಳನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಬಾಷಾ ಭಾಯ್ ಮತ್ತೆ 4K ಗುಣಗಾನ ಶುರು ಮಾಡಿದಾಗ ಶಂಕರಪ್ಪನವರೇ ತಡೆದರು: “ಅಂಗೈ ಹುಣ್ಣಿಗೆ ಕನ್ನಡಿ ಯಾಕ ಭಾಯ್, ದೊಡ್ಡದ ಕಟ್ಟಿಸ್ರಿ.”

ಮನೆಯಲ್ಲಿ ಆರೇಳು ಅಡಿ ದೂರದಿಂದ ಸಿನಿಮಾ ನೋಡುವವರಿಗೆ ನಾನೂ 4Kಯನ್ನೇ ಹೇಳುತ್ತೇನೆ. ಆದರೆ ಹತ್ತಾರು ಜನ ನೋಡುವ ಟಿವಿಯನ್ನು ಅಂಗಡಿಯವನ ಪಕ್ಕದಲ್ಲಿ ನಿಂತು ಆರಿಸಬಾರದು. ಎಲ್ಲರಿಗಿಂತ ದೂರ ಕೂರುವವರನ್ನು ಕರೆದುಕೊಂಡು ಹೋಗಿ, ಅಷ್ಟೇ ದೂರದಲ್ಲಿ ಕೂರಿಸಿ, ಅವರು ಮಾಡಬೇಕಾದ ಕೆಲಸವನ್ನೇ ಮಾಡಿಸಿ ನೋಡಬೇಕು. ಕಲಿಸುವ ಕೆಲಸ ನನಗೆ ಕಲಿಸಿದ್ದು ಇದನ್ನೇ.

ತಿಂಗಳ ಕೊನೆಗೆ ಹುಲಿಗೆಮ್ಮ ತಾನು ಹೊಲಿದ ಬ್ಲೌಸನ್ನು ಮನೆಗೆ ಒಯ್ದಳು. ಮರುದಿನ ಎಲ್ಲರಿಗಿಂತ ಮೊದಲೇ ಬಂದು ಮಗ್ಗದ ಮುಂದೆ ಕುಳಿತಿದ್ದಳು.

“ಅತ್ತಿ ಏನಂದ್ಲೇ?” ಎಂದೆ.

“ನಂಗೂ ಒಂದು ಮಾಡಿಕೊಡು ಅಂದ್ಲ್ರಿ.”