ನಾನು ಅಳಿಸಿದ ಎರಡು ಸಾಲು

ಮೊಳಕಾಲ್ಮೂರಿನ ಆ ಸೀರೆ ಅಂಗಡಿಯ ಹೆಸರು ಕಿವಿಗೆ ಬಿದ್ದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಅರ್ಧ ಸಿಟ್ಟು ಅಂಗಡಿಯ ಸಾಹುಕಾರರ ಮೇಲೆ, ಉಳಿದರ್ಧ ನನ್ನ ಮೇಲೆ. ಅವರು ಬಾಯಲ್ಲಿ ಹೇಳಿದರು, ಮಾಡಿದ ಕೈ ನನ್ನದು.

ನಾನು ಚಳ್ಳಕೆರೆಯವಳು, ಹೆಸರು ಚೂಡಮ್ಮ. ಎಣ್ಣೆ ಮಿಲ್ಲು, ಗೊಬ್ಬರದ ಅಂಗಡಿ ಅಂತ ಸುತ್ತಮುತ್ತಲಿನವರಿಗೆ ಕಂಪ್ಯೂಟರಿನ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡುವುದು ನನ್ನ ಕೆಲಸ. ಹೆಂಗಸಿಗೆ ಇದೆಲ್ಲ ಏನು ಬರುತ್ತೆ ಎಂದು ಮೂಗು ಮುರಿದವರೇ ಆಮೇಲೆ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಾರೆ. ಸೀರೆ ಸಾಹುಕಾರರೂ ಹಾಗೇ ಕರೆಸಿಕೊಂಡರು. ಹೊಸ ಅಂಚೋ ಸೆರಗೋ ತಯಾರಾದ ಕೂಡಲೇ ಅದರ ಚಿತ್ರ ಮೈಸೂರು, ಬೆಂಗಳೂರು, ಹೈದರಾಬಾದಿನ ಅಂಗಡಿಗಳಿಗೆ ಮೇಲ್ ಆಗಬೇಕು, ಅಲ್ಲಿ ಒಪ್ಪಿದ್ದನ್ನು ಇಲ್ಲಿ ಮಗ್ಗಕ್ಕೆ ಏರಿಸಬೇಕು. ಒಂದು ಬಟನ್ ಒತ್ತಿದರೆ ಎಲ್ಲರಿಗೂ ಹೋಗಬೇಕು ಎಂದರು.

ಬಟನ್ ಒತ್ತುವವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದಳು. ತವರು ಮೊಳಕಾಲ್ಮೂರಿನ ನೇಕಾರರ ಮನೆ, ದೇವಸಮುದ್ರದ ಗಂಡನ ಮನೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಡಿಸೈನ್ ಬಿಡಿಸುವವಳೂ ಅವಳೇ. ಮೊದಲು ಗ್ರಾಫ್ ಹಾಳೆಯಲ್ಲಿ ಪೆನ್ಸಿಲಿನಿಂದ ಚೌಕ ತುಂಬುತ್ತಿದ್ದವಳು ಈಗ ಕಂಪ್ಯೂಟರಿನಲ್ಲಿ ತುಂಬುತ್ತಿದ್ದಳು. ಒಂದು ಗಿಳಿಯ ಕತ್ತು ಬಗ್ಗಿಸುವುದಕ್ಕೆ ಇಡೀ ಮಧ್ಯಾಹ್ನ ಕೂತಿದ್ದನ್ನು ನಾನೇ ನೋಡಿದ್ದೇನೆ.

ಪ್ರೋಗ್ರಾಂ ಎರಡು ದಿನದಲ್ಲಿ ಮುಗಿಯಿತು. ಅದರಿಂದ ಒಂದು ಮೇಲ್ ಹೊರಡಿಸುವಷ್ಟರಲ್ಲಿ ಮಾತ್ರ ನನಗೆ ಸಾಕುಸಾಕಾಯಿತು. ಇಂಟರ್ನೆಟ್ ಕೊಟ್ಟವರು ಆ ಲೈನಿನಿಂದ ನೇರವಾಗಿ ಮೇಲ್ ಕಳಿಸುವ ದಾರಿಯನ್ನೇ ಮುಚ್ಚಿದ್ದರು. ಕೇಳೋಣವೆಂದರೆ ಫೋನಿನಲ್ಲಿ ಒಂದನ್ನು ಒತ್ತಿ, ಎರಡನ್ನು ಒತ್ತಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇಂಥವರನ್ನು ನೋಡಿಯೇ. ಅಲ್ಲದೆ ಬಂದವರೆಲ್ಲ ಕೈಯಾಡಿಸುವ ಆ ಕಂಪ್ಯೂಟರಿನೊಳಗೆ ಮೇಲ್ ಪಾಸ್‌ವರ್ಡ್ ಇಡಲು ನನಗೂ ಮನಸ್ಸಿರಲಿಲ್ಲ. ಕೊನೆಗೆ ಸುತ್ತುದಾರಿ ಹಿಡಿದೆ. ಅಂಗಡಿಯ ವೆಬ್‌ಸೈಟ್ ಇದ್ದ ಸರ್ವರಿನಲ್ಲಿ ಒಂದು ಪುಟ್ಟ ಸ್ಕ್ರಿಪ್ಟ್ ಬರೆದಿಟ್ಟೆ. ಪ್ರೋಗ್ರಾಂ ತಾನಾಗಿ ಮೇಲ್ ಕಳಿಸುವುದಿಲ್ಲ. ಚಿತ್ರ, ವಿಳಾಸ, ಒಕ್ಕಣೆ ಎಲ್ಲವನ್ನೂ ಆ ಸ್ಕ್ರಿಪ್ಟಿಗೆ ಒಪ್ಪಿಸುತ್ತದೆ, ಅದು ಸರ್ವರಿನಿಂದ ಮೇಲ್ ಮಾಡಿ ಸಾಹುಕಾರರ ಮೇಲ್‌ಗೂ ಒಂದು ಪ್ರತಿ ಹಾಕುತ್ತದೆ. ಊರಿಗೆ ಹೋಗುವವರ ಕೈಯಲ್ಲಿ ಬುತ್ತಿ ಕಳಿಸಿದ ಹಾಗೆ. ಹೊತ್ತವರು ದಾರಿಯಲ್ಲಿ ಬಿಚ್ಚಿ ಏನಾದರೂ ತೆಗೆದರೆ ಕಟ್ಟಿಕೊಟ್ಟವರಿಗೆ ತಿಳಿಯುವುದಿಲ್ಲ. ಆಗ ನನಗೆ ಅದು ಹೊಳೆಯಲಿಲ್ಲ.

ಸರ್ವರಿನವರು ಅಂಗಡಿಯ ವಿಳಾಸದಿಂದ ಮಾತ್ರ ಮೇಲ್ ಬಿಡುತ್ತಿದ್ದರು. ಅದನ್ನು ಹೇಳಿದಾಗ ಅವಳು ಮೌಸ್ ಬಿಟ್ಟು ನನ್ನ ಕಡೆ ತಿರುಗಿದಳು.

"ಅಕ್ಕಾ, ಬಿಡಿಸಿದೋಳು ನಾನು ಅಂತ ಎಲ್ಲಾದ್ರೂ ಒಂದ್ಕಡೆ ಬರ್ತೈತಾ?" ಎಂದು ಕೇಳಿದಳು. "ಚೆನ್ನಾಗೈತೋ ಇಲ್ವೋ, ನಂಗೂ ಗೊತ್ತಾಗ್ಲಿ."

ಎಂಟು ವರ್ಷ ಬಿಡಿಸಿದ್ದಾಳೆ, ಒಬ್ಬರಾದರೂ ಅವಳಿಗೆ ಚೆನ್ನಾಗಿದೆ ಅಂದಿರಲಿಲ್ಲ. ಅಲ್ಲೇ ಕೂತು ಸ್ಕ್ರಿಪ್ಟಿಗೆ ಎರಡು ಸಾಲು ಸೇರಿಸಿದೆ. ಒಂದು, ಮೇಲ್‌ನ ಕೊನೆಗೆ ಡಿಸೈನ್ ಬಿಡಿಸಿದವರು ಎಂದು ಅವಳ ಹೆಸರು. ಇನ್ನೊಂದು, ಯಾರೇ ಉತ್ತರ ಬರೆದರೂ ಅಂಗಡಿಗೆ ಹೋದಂತೆ ಅವಳಿಗೂ ಒಂದು ಹೋಗುವ ಹಾಗೆ. ಅವಳ ಪರದೆಯಲ್ಲೂ ಚಿತ್ರದ ಕೆಳಗೆ ಆ ಹೆಸರು ಕಾಣುವಂತೆ ಮಾಡಿ, ಅವಳ ಮೊಬೈಲಿನಲ್ಲಿ ಅವಳದೇ ಒಂದು ಮೇಲ್ ವಿಳಾಸವನ್ನೂ ಮಾಡಿಕೊಟ್ಟೆ.

ತಿಂಗಳೊಳಗೆ ಮೈಸೂರಿನ ಅಂಗಡಿಯ ಹೆಂಗಸೊಬ್ಬರು ಬರೆದರು. ಗಿಳಿ ಅಂಚು ನೋಡಿ ತುಂಬ ಖುಷಿಯಾಯಿತು, ಇಂಥದೇ ಇನ್ನಷ್ಟು ಬಿಡಿಸಿ ಎಂದಿದ್ದರು. ಅವಳು ನನಗೆ ಫೋನ್ ಮಾಡಿ ಅದನ್ನು ಮೂರು ಸಲ ಓದಿದಳು. ದೇವಸಮುದ್ರದಲ್ಲಿ ಅವಳ ಅತ್ತೆ ಆ ಮೊಬೈಲನ್ನು ಹಿಡಿದುಕೊಂಡು ಅಕ್ಕಪಕ್ಕದ ಮನೆಗೆಲ್ಲ ತೋರಿಸಿ ಬಂದರಂತೆ. ಆಮೇಲೆ ಹೊಸ ಚಿತ್ರ ಹೋದಾಗಲೆಲ್ಲ ಮೈಸೂರಿನವರು ಅದಕ್ಕೆ ಉತ್ತರವಾಗಿ ಎರಡು ಮಾತು ಬರೆಯತೊಡಗಿದರು.

ಸಾಹುಕಾರರಿಗೆ ಅದು ಸೇರಲಿಲ್ಲ. ನಾನು ಚಳ್ಳಕೆರೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಅವರ ಫೋನ್ ಬಂತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ.

"ಚೂಡಮ್ಮಾ, ಊರೂರಿನೋರು ಆ ಹೆಣ್ಮಗಳಿಗೆ ಬರೆಯೋದು ಚೆಂದಲ್ಲ. ಮನೆಯೋರು ಏನಂದ್ಕೊಂತಾರೆ? ಉತ್ತರ ನನಗೊಬ್ಬನಿಗೇ ಬರಂಗೆ ಮಾಡು. ಹೆಸರೂ ಬ್ಯಾಡ."

ಮನೆಯವರು ಊರಿಗೆಲ್ಲ ತೋರಿಸುತ್ತಿದ್ದಾರೆ ಎಂದು ಆ ಕ್ಷಣವೇ ಅವರ ಮುಖಕ್ಕೆ ಹೊಡೆದ ಹಾಗೆ ಹೇಳಬೇಕಿತ್ತು. ಕಂಡಕ್ಟರ್ ಚಿಲ್ಲರೆ ಕೊಡದಿದ್ದರೆ ಇಡೀ ಬಸ್ಸು ತಿರುಗಿ ನೋಡುವಂತೆ ಜಗಳ ಆಡುವವಳು ನಾನು. ಆವತ್ತು "ಆಯ್ತು ರೀ" ಅಂದೆ. ಅವರಿಂದ ಇನ್ನೆರಡು ಕೆಲಸ ಬರುವುದಿತ್ತು, ಅದಕ್ಕೇ. ಬಸ್ಸಿನಲ್ಲಿ ಸೀಟು ಹಿಡಿದು, ಮೊಬೈಲಿನಲ್ಲಿ ಸರ್ವರ್ ತೆರೆದು ಎರಡೂ ಸಾಲು ಅಳಿಸಿದೆ. ಊರು ದಾಟುವಷ್ಟರಲ್ಲಿ ಮುಗಿದಿತ್ತು. ಅವಳಿಗೆ ಸಾಹುಕಾರರೇ ಹೇಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಅವರು ಹೇಳುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹೇಳದಿದ್ದರೆ ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಬದಲಾದದ್ದು ಎಲ್ಲೋ ಇದ್ದ ಸರ್ವರಿನಲ್ಲಿ. ಅವಳ ಮುಂದಿದ್ದ ಪ್ರೋಗ್ರಾಮಿನಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಚಿತ್ರದ ಕೆಳಗೆ ಅವಳ ಹೆಸರು ಎಂದಿನಂತೆ ಕಾಣುತ್ತಿತ್ತು. ಅವಳು ಬಟನ್ ಒತ್ತುತ್ತಿದ್ದಳು, "ಮೇಲ್ ಹೋಗಿದೆ" ಎಂದು ಹಸಿರು ಅಕ್ಷರದಲ್ಲಿ ಬರುತ್ತಿತ್ತು.

ಆರೇಳು ತಿಂಗಳ ಮೇಲೆ ಹೊಸ ಪ್ರಿಂಟರ್ ಜೋಡಿಸಲು ಹೋದೆ. ಹಿಂದಿನ ಕೋಣೆಗೆ ಇಣುಕಿದರೆ ಅವಳ ಪರದೆಯ ಮೇಲೆ ಗಿಳಿಯೂ ಇಲ್ಲ, ಬಳ್ಳಿಯೂ ಇಲ್ಲ. ಮೊಬೈಲಿನಲ್ಲಿ ಯಾರದೋ ಸೀರೆಯ ಫೋಟೋ ಇಟ್ಟುಕೊಂಡು ಅದರ ಗೆರೆಗಳನ್ನು ನಕಲು ಮಾಡುತ್ತಿದ್ದಳು. ಇದೇನು ಎಂದೆ.

"ಯಾರೂ ಬರೀತಿಲ್ಲ ಅಕ್ಕಾ," ಎಂದಳು. "ನನ್ನ ಕೈ ಕೆಟ್ಟೈತೆ."

ಮುಂದಿನ ಕೋಣೆಗೆ ಬಂದೆ. ಪ್ರಿಂಟರ್ ಜೋಡಿಸಬೇಕಾದದ್ದು ಸಾಹುಕಾರರ ಕಂಪ್ಯೂಟರಿಗೆ, ಅವರು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರು. ಅವರ ಮೇಲ್ ತೆರೆದೇ ಇತ್ತು. ಅವರು ಇಲ್ಲದಾಗ ನೋಡಿದ್ದು ತಪ್ಪು, ಇರಲಿ. ಹೈದರಾಬಾದಿನವರು ಗಿಳಿ ಅಂಚನ್ನು ಹೊಗಳಿದ್ದರು. ಬೆಂಗಳೂರಿನವರು ಹೊಗಳಿದ್ದರು. ಬಿಡಿಸಿದವರ ಹೆಸರು ಯಾಕೆ ಬರುತ್ತಿಲ್ಲ, ಹುಷಾರಾಗಿದ್ದಾರಾ ಎಂದು ಮೈಸೂರಿನವರು ಎರಡು ಸಲ ಕೇಳಿದ್ದರು. ಅದಕ್ಕೆ ಇವರ ಉತ್ತರ: ಅವರು ಈಗ ನಮ್ಮಲ್ಲಿಲ್ಲ, ಡಿಸೈನ್ ಎಲ್ಲ ನನ್ನದೇ. ಕೈ ಕೆಸರು ಅವಳದು, ಬಾಯಿ ಮೊಸರು ಇವರದು. ಹೊಸ ಪ್ರಿಂಟರಿನಲ್ಲಿ ಮೊದಲು ಆ ಕಾಗದಗಳನ್ನೇ ತೆಗೆದೆ. ಒಂದೊಂದಾಗಿ ಎಲ್ಲವನ್ನೂ ತೆಗೆದೆ.

ಹಿಂದೆ ಹೋಗಿ ಅವಳ ಮುಂದಿಟ್ಟು, ನಾನು ಮಾಡಿದ್ದನ್ನೂ ಹೇಳಿದೆ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಮುಗಿಸಿ ನನ್ನ ಕಡೆ ನೋಡಲಿಲ್ಲ.

"ಗಿಳೀವೆಲ್ಲ ಅಳಿಸಿಬಿಟ್ಟೆ ಅಕ್ಕಾ," ಎಂದಳು. "ಯಾರಿಗೂ ಹಿಡಿಸಿಲ್ಲ ಅಂದ್ಕೊಂಡು, ಗ್ರಾಫ್ ಹಾಳೆ ಸಮೇತ ಒಲೆಗೆ ಹಾಕ್ದೆ."

ಆಮೇಲೆ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದಳು. ನಾಳೆಯಿಂದ ಬರುವುದಿಲ್ಲ ಎಂದು ಸಾಹುಕಾರರಿಗೆ ನೀವೇ ಹೇಳಿ, ಅವರು ಅಳಿಸು ಅಂದದ್ದನ್ನು ನೀವು ನನಗೆ ಮುಟ್ಟಿಸಲಿಲ್ಲ, ನನ್ನ ಮಾತನ್ನಾದರೂ ಅವರಿಗೆ ಮುಟ್ಟಿಸಿ ಎಂದು ಹಿಂಬಾಗಿಲಿನಿಂದ ಹೋದಳು.

ನಾನು ಮುಂದೆ ಹೋಗಿ, ಗಿರಾಕಿಗಳ ಎದುರಿಗೇ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮೇಲ್ ಓದಿದ್ದನ್ನೂ ಹೇಳಿದೆ. ಅವಳು ಕೆಲಸ ಬಿಟ್ಟಳು ಎಂದೂ ಹೇಳಿದೆ. ಸಾಹುಕಾರರು ಸೀರೆಯ ಮಡಿಕೆ ಸರಿಮಾಡುತ್ತ ಪೂರ್ತಿ ಕೇಳಿಸಿಕೊಂಡರು.

"ಹೋಗ್ಲಿ ಬಿಡಮ್ಮ," ಎಂದರು. "ಡಿಸೈನೆಲ್ಲ ನನ್ನ ಮೇಲ್‌ನಾಗೆ ಐದಾವಲ್ಲ."